ಊರ ಹೊರಗಿನ ಬಾಣಂತನ

೧೯೩೮ರ ಚಳಿಗಾಲದಲ್ಲಿ ಹುಲಿಹೈದರದಲ್ಲಿ ಇಲಿ ಸತ್ತು ಬಿದ್ದ ಸುದ್ದಿ ಸಿದ್ದಾಪುರ ಮುಟ್ಟಿತು. ಹಿರಿಯರು ಚಾವಡಿಯಲ್ಲಿ ಕೂತು, ಪ್ಲೇಗಿನ ಊರಿಂದ ನೆಂಟರೇ ಬಂದರೂ ಒಳಗೆ ಬಿಡಬಾರದೆಂದು ತೀರ್ಮಾನಿಸಿದರು. ದಾರಿ ಕಾಯುವ ಸರದಿ ರೈತ ಅಂದಪ್ಪನಿಗೂ ಬಂತು. ಮೊದಲ ದಿನವೇ ಅವನು ಹುಲಿಹೈದರದಿಂದ ಬಂದ ಸೂಲಗಿತ್ತಿ ಕನಕಮ್ಮನ ತಮ್ಮನನ್ನು ತಡೆದು ವಾಪಸು ಕಳಿಸಿದ.

ವಾರದೊಳಗೆ ಅದೇ ದಾರಿಯಲ್ಲಿ ಒಂದು ಬಂಡಿ ಬಂತು. ಒಳಗೆ ಹುಲಿಹೈದರಕ್ಕೆ ಕೊಟ್ಟಿದ್ದ ಅಂದಪ್ಪನ ಮಗಳು ಅನ್ನಮ್ಮ, ತುಂಬು ಬಸುರಿ.

"ನಮ್ಮ ಓಣ್ಯಾಗ ಇಬ್ರು ಸತ್ರಪ್ಪಾ. ಅತ್ತಿಯವ್ರು ತವರಿಗೆ ಹೋಗು ಅಂದ್ರು."

ಅಂದಪ್ಪ ಬಂಡಿಯನ್ನು ತನ್ನ ಹೊಲದ ಬೇವಿನ ಮರದಡಿ ನಿಲ್ಲಿಸಿ ಮನೆಗೆ ನಡೆದ. ಹೆಂಡತಿ ವಿರೂಪಾಕ್ಷಮ್ಮನಿಗೆ ಸುದ್ದಿ ಹೇಳಿದ.

"ಹೊಲದಾಗ ಯಾಕ ಬಿಟ್ಟು ಬಂದ್ರಿ? ನಮ್ಮ ಮನಿ, ನಮ್ಮ ಮಗಳು. ಯಾರ ಅಪ್ಪಣಿ ಬೇಕ್ರಿ?"

"ಯಾರದೂ ಬ್ಯಾಡ. ಆದ್ರ ಬ್ಯಾನಿ ಅಕಿ ಸಂಗಾಟ ಬಂದಿದ್ರ? ಈ ಓಣ್ಯಾಗ ಎಷ್ಟು ಹುಡುಗ್ರು ಅದಾವ. ಅವಕ್ಕೂ ಅವ್ವ ಅಪ್ಪ ಅದಾರ."

"ಹಂಗಾರ ನನ್ನ ಮೊಮ್ಮಗು ಬಯಲಾಗ ಹುಟ್ಟಬೇಕೇನು?"

ಪಕ್ಕದ ಮನೆಯ ಮಕ್ಕಳು ಇವರ ಕಟ್ಟೆಯ ಮೇಲೆ ಆಡುತ್ತಿದ್ದವು. ವಿರೂಪಾಕ್ಷಮ್ಮ ಅವನ್ನು ನೋಡಿದಳು. ಆಮೇಲೆ ಎದ್ದು ಜೋಳದ ಹಿಟ್ಟು, ಹಳೆಯ ಸೀರೆಗಳನ್ನು ಗಂಟು ಕಟ್ಟತೊಡಗಿದಳು.

"ಹೊಲದಾಗ ಗುಡಿಸಲಾ ಹಾಕ್ರಿ. ನಾನೂ ಅಲ್ಲೇ ಇರ್ತೀನಿ. ಬ್ಯಾನಿ ಹೋಗೂತನಾ ಊರಾಗ ಬರಂಗಿಲ್ಲ."

ಸಂಜೆಯೊಳಗೆ ಜೋಳದ ದಂಟಿನ ಗುಡಿಸಲು ಎದ್ದಿತು. ಅಂದಪ್ಪ ಕನಕಮ್ಮನ ಬಾಗಿಲಿಗೆ ಹೋದ. ಅವಳು ಎಲ್ಲ ಕೇಳಿಸಿಕೊಂಡಳು.

"ಮಗಳಿಗೆ ಗುಡಿಸಲಾ ಹಾಕೀರಿ. ನನ್ನ ತಮ್ಮ ಇನ್ನೂ ಹಳ್ಳದ ದಂಡ್ಯಾಗ ಗಿಡದ ಕೆಳಗ ಅದಾನ್ರಿ. ದಿನಾ ರೊಟ್ಟಿ ಇಟ್ಟು, ದೂರ ನಿಂತು ಮಾತಾಡಿಸಿ ಬರ್ತೀನಿ."

"ತಪ್ಪಾತವ್ವ. ನಾನು ತಡೀಬಾರದಿತ್ತು."

"ತಡದದ್ದು ತಪ್ಪಲ್ಲ ಅಂದಪ್ಪಣ್ಣ. ಅಂವ ಎಲ್ಲಿಗೆ ಹೋದಾನು ಅಂತ ಒಬ್ರೂ ಕೇಳಲಿಲ್ಲ."

ಹಾಗೆ ಅಂದರೂ ಅವಳು ಚೀಲ ಹಿಡಿದು ಹೊಲಕ್ಕೆ ನಡೆದಳು. ಮತ್ತೆ ಊರೊಳಗೆ ಬರದೆ ಅಲ್ಲೇ ಉಳಿದಳು.

ಮರುದಿನ ಅಂದಪ್ಪ ಇನ್ನೊಂದು ಗುಡಿಸಲು ಹಾಕಿ ಅವಳ ತಮ್ಮನನ್ನು ಕರೆತಂದ. ಚಾವಡಿಗೆ ಹೋಗಿ, ಬಂದವರನ್ನು ತಡೆಯುವುದಾದರೆ ಅವರಿಗೆ ನೆರಳನ್ನೂ ಕಾಳನ್ನೂ ಊರೇ ಕೊಡಬೇಕೆಂದ. ಕೆಲವರು ಗೊಣಗಿದರು. ಆದರೂ ದಂಟು ಹೇರಿಕೊಂಡ ಬಂಡಿಗಳು ಹೊಲಕ್ಕೆ ಬಂದವು, ಇನ್ನಷ್ಟು ಗುಡಿಸಲು ಎದ್ದವು. ಮುಂದೆ ಆ ಗುಡಿಸಲುಗಳಲ್ಲಿ ಪ್ಲೇಗಿನ ಊರಿಂದ ಬಂದ ಹಲವರು ತಂಗಿದರು. ಒಬ್ಬ ಮುದುಕ ಪ್ಲೇಗಿಗೆ ತೀರಿಕೊಂಡ. ಬೇನೆ ಊರೊಳಗೆ ಕಾಲಿಡಲಿಲ್ಲ.

ಅನ್ನಮ್ಮ ಹೆಣ್ಣು ಹೆತ್ತಳು. ನಡುವೆ ಬಾಣಂತಿಗೆ ಜ್ವರ ಬಂದಾಗ ವಿರೂಪಾಕ್ಷಮ್ಮ ಪ್ಲೇಗೇ ಇರಬೇಕೆಂದು ಕನಕಮ್ಮನನ್ನು ಕೂಗಿದಳು. ಕನಕಮ್ಮ ಕಂಕುಳು, ತೊಡೆಸಂದು ಒತ್ತಿ ನೋಡಿ, ಪ್ಲೇಗಿನ ಗಡ್ಡೆಯಿಲ್ಲ, ಎದೆಹಾಲು ಕಟ್ಟಿದ ಜ್ವರವೆಂದಳು. ಜ್ವರ ಇಳಿಯಿತು. ಅಂದಪ್ಪ ದಿನಾ ಬದುವಿನ ಮೇಲೆ ನೀರಿನ ಕೊಡ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದ. ಹೆಂಡತಿ ಕೂಸನ್ನು ಎತ್ತಿ ತೋರಿಸುತ್ತಿದ್ದಳು.

"ಮೂಗು ನಿಮ್ಮಂಗ ಐತಿ ನೋಡ್ರಿ!"

"ಇಷ್ಟು ದೂರದಿಂದ ಏನ್ ಕಾಣತೈತಿ?"

ಬಿಸಿಲೇರಿ ಬೇನೆ ಇಳಿದ ಮೇಲೆ ಹಿರಿಯರು ದಾರಿ ಬಿಟ್ಟರು. ಅಂದಪ್ಪ ಬದು ದಾಟಿ ಬಂದು ಮೊಮ್ಮಗಳನ್ನು ಎತ್ತಿಕೊಂಡ. ಅವಳು ಅವನ ಮೀಸೆ ನೋಡಿ ಕಿಟಾರನೆ ಕಿರುಚಿ ಅಳತೊಡಗಿದಳು.

"ಅಳ್ಲಿ ಬಿಡ್ರಿ, ಗುರ್ತ ಇಲ್ಲಲ್ಲ," ಎಂದು ನಗುತ್ತ ವಿರೂಪಾಕ್ಷಮ್ಮ ಗಂಟನ್ನು ತಲೆಗೇರಿಸಿದಳು.