ಬಿದಿರು ಹೊತ್ತವರ ಕಾಲು

ಅಮರಮ್ಮನ ಮನೆಯ ಮೂಲೆಯನ್ನು ಒಡೆಯಬೇಕು ಎಂದು ಹೇಳಿದ್ದು ಒಂದು ಬಿದಿರಿನ ಚೌಕಟ್ಟು. ಚೌಕಟ್ಟು ಸುಳ್ಳು ಹೇಳುವುದಿಲ್ಲ ಎಂದು ಓವರ್‌ಸಿಯರ್ ಅಯ್ಯಣ್ಣ ನಮಗೆಲ್ಲ ತಿಳಿಸಿ ಹೇಳಿದರು. ನಿಜ, ಬಿದಿರು ಸುಳ್ಳು ಹೇಳುವುದಿಲ್ಲ. ಅದನ್ನು ಹೊತ್ತವರು ಎಲ್ಲಿ ಕಾಲಿಟ್ಟರು, ಎಲ್ಲಿ ಇಡಲಿಲ್ಲ ಎಂದು ಮಾತ್ರ ಯಾರೂ ನೋಡಲಿಲ್ಲ. ಹತ್ತು ಮಾರು ದೂರದಲ್ಲಿ ನಿಂತು ನೋಡಿದ ನನಗೂ ಹೊಳೆಯಲಿಲ್ಲ. ಬಿ.ಎ. ಓದಿದವಳು ನಾನು.

೧೯೮೪ನೆಯ ಇಸವಿ, ಶಿವರಾತ್ರಿ ಕಳೆದ ವಾರ. ನಾನು ಬಸರಿದಿನ್ನಿಯ ಶಾಲೆಯಲ್ಲಿ ಟೀಚರಾಗಿದ್ದೆ. ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆ ನಮ್ಮ ಊರಿನ ಅಂಚಿನಲ್ಲಿ ಒಮ್ಮೆಲೇ ಎಡಕ್ಕೆ ತಿರುಗುತ್ತಿತ್ತು. ತಿರುವಿನ ಒಳಮೂಲೆಯಲ್ಲಿ ಅಮರಮ್ಮನ ಮನೆ. ಕೇರಿಯ ಮೊದಲನೆಯ ಮನೆ ಅದು. ರಸ್ತೆಯ ಆಚೆ, ಹೊರಮೂಲೆಯಲ್ಲಿ ಗೌಡರ ಭತ್ತದ ಗೋದಾಮು. ಕಾಲುವೆ ನೀರು ಬಂದ ಮೇಲೆ ಗೌಡರು ಅದನ್ನು ಕಟ್ಟಿಸಿ, ಮುಂದೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆಯೊಂದನ್ನು ಹಾಕಿಸಿದ್ದರು. ಕಟ್ಟೆಯ ಅರ್ಧ ಸರ್ಕಾರದ ರಸ್ತೆಯ ಮೇಲೇ ಇತ್ತು. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ.

ಮಾನ್ವಿಯ ಆಚೆ ಹೊಸದಾಗಿ ಆಗುತ್ತಿದ್ದ ವಿದ್ಯುತ್ ಕೇಂದ್ರಕ್ಕೆಂದು ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ರಾಯಚೂರು ಸ್ಟೇಷನ್ನಿನ ಗೂಡ್ಸ್ ಷೆಡ್ಡಿಗೆ ಬಂದು ಕೂತಿತ್ತು. ಅರವತ್ತು ಟನ್ ಭಾರ. ಅದನ್ನು ನಲವತ್ತೆಂಟು ಗಾಲಿಯ ಟ್ರೇಲರಿನ ಮೇಲೆ ಏರಿಸಿ ನಮ್ಮೂರಿನ ಮೇಲೆ ಒಯ್ಯಬೇಕಿತ್ತು. ಇಂಥ ಗಾಡಿ ಬರುವ ಮೊದಲು ಒಂದು ಕೆಲಸ ಮಾಡುತ್ತಾರೆ. ಟ್ರೇಲರಿನಷ್ಟೇ ಉದ್ದ, ಹೇರಿನಷ್ಟೇ ಅಗಲದ ಚೌಕಟ್ಟೊಂದನ್ನು ಬಿದಿರಿನಲ್ಲಿ ಕಟ್ಟಿ, ಹತ್ತು ಜನ ಹೆಗಲ ಮೇಲೆ ಹೊತ್ತು ಗಾಡಿ ಸಾಗುವ ಹಾಗೆಯೇ ತಿರುವಿನಲ್ಲಿ ನಡೆಯುತ್ತಾರೆ. ಚೌಕಟ್ಟು ಯಾವುದಕ್ಕೆ ತಾಗುತ್ತದೋ ಅದಕ್ಕೆ ಗಾಡಿಯೂ ತಾಗುತ್ತದೆ ಎಂದು ಲೆಕ್ಕ.

ಅಯ್ಯಣ್ಣ ಬಂದು ಗೌಡರನ್ನು ಹತ್ತು ಆಳು ಕೇಳಿದರು. ಗೌಡರು ಕೇರಿಗೆ ಹೇಳಿಕಳಿಸಿದರು. ಬಂದ ಹತ್ತು ಜನರಲ್ಲಿ ಅಮರಮ್ಮನ ಗಂಡ ತಾಯಣ್ಣನೂ ಒಬ್ಬ. ಗೌಡರು ಕಟ್ಟೆಯ ಮೇಲೆ ಕೂತಿದ್ದರು. ಚೌಕಟ್ಟು ತಿರುವಿಗೆ ಬಂತು, ಬಾಗಿತು, ಅದರ ಹಿಂದಿನ ತುದಿ ಹೋಗಿ ಅಮರಮ್ಮನ ಗೋಡೆಗೆ ಬಡಿಯಿತು. ಇನ್ನೊಮ್ಮೆ ನಡೆದರು. ಇನ್ನೊಮ್ಮೆಯೂ ಬಡಿಯಿತು. ಅಯ್ಯಣ್ಣ ಚೌಕಟ್ಟಿನ ಅಂಚು ಹಾದ ಕಡೆಯಲ್ಲೆಲ್ಲ ರಸ್ತೆಗೆ ಸುಣ್ಣದ ಪುಡಿ ಉದುರಿಸಿ, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆದರು. ಗೀಟಿನಿಂದ ಈಚೆಗೆ ಇದ್ದದ್ದೆಲ್ಲ ಹೋಗಬೇಕು.

ಗೀಟಿನಿಂದ ಈಚೆಗೆ ಇದ್ದದ್ದು ಆ ಮನೆಗಿದ್ದ ಒಂದೇ ಕೋಣೆ. ಅದರಲ್ಲಿ ಅಮರಮ್ಮನ ಮಗಳು ಮೂಕಮ್ಮ ಬಾಣಂತಿಯಾಗಿ ಮಲಗಿದ್ದಳು. ಕೂಸಿಗೆ ಒಂಬತ್ತು ದಿನ.

"ಸಾಹೇಬ್ರ, ಒಳಗ ಹಸಿ ಬಾಣಂತಿ ಅದಾಳ್ರಿ" ಎಂದಳು ಅಮರಮ್ಮ.

"ನಾನೇನು ಇವತ್ತೇ ಒಡೀತೀನಂದ್ನೇನು? ಇನ್ನ ಎಂಟು ದಿನ ಅದ. ಬ್ಯಾರೆ ಯಾರದರ ಮನಿಯಾಗ ಇಡು."

"ಯಾರ ಮನಿಯಾಗ ಇಡ್ಲಿರಿ? ಕೇರ್ಯಾಗ ಎಲ್ಲಾರದೂ ಒಂದೊಂದು ಕೋಣಿ."

"ನೋಡವ್ವಾ, ಅಷ್ಟು ದೊಡ್ಡ ಮಷೀನು. ನಿಮಗೇ ಕರೆಂಟು ಬರ್ತದ."

ಕೇರಿಗೆ ಆಗ ಒಂದು ಕಂಬವೂ ಇರಲಿಲ್ಲ. ಕರೆಂಟಿನ ಮಾತು ಕೇಳಿ ಅಮರಮ್ಮ ಕಂಬವಿಲ್ಲದ ಕೇರಿಯ ಕಡೆ ಒಮ್ಮೆ ನೋಡಿದಳು. ಗೌಡರು ಕಟ್ಟೆಯ ಮೇಲಿನಿಂದಲೇ ಮೆತ್ತಗೆ, "ಹೋಗ್ಲಿ ಬಿಡವ್ವ, ಗ್ವಾಡಿ ಮತ್ತ ಕಟ್ಟಿಕೊಂಡ್ರಾತು. ಮಣ್ಣು ಬೇಕಂದ್ರ ನಮ್ಮ ಹೊಲದಾಗಿಂದ ತಗೋ" ಎಂದರು. ಅವರು ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ. ಅದನ್ನು ಕೇಳಿ ನಾನು, ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ.

ಎಂಟು ದಿನದಲ್ಲಿ ಅಮರಮ್ಮ ತಹಶೀಲ್ದಾರ್ ಕಚೇರಿಗೆಂದು ಎರಡು ಸಲ ಮಾನ್ವಿಗೆ ಹೋಗಿಬಂದಳು. ಅರ್ಜಿ ಬರೆದುಕೊಟ್ಟವಳು ನಾನೇ. ಒಮ್ಮೆ ಸಾಹೇಬರು ಇರಲಿಲ್ಲ. ಇನ್ನೊಮ್ಮೆ ಇದ್ದರು, ಆದರೆ ಅದು ತಮ್ಮ ಕೆಲಸವಲ್ಲ ಎಂದರು. ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಅವಳ ಮುಖ ನೋಡಿ ತನ್ನ ಸೀಟು ಬಿಟ್ಟುಕೊಟ್ಟನಂತೆ. ಆ ಎಂಟು ದಿನದಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ.

ಗಾಡಿ ಬರುವ ಹಿಂದಿನ ದಿನ ಬೆಳಿಗ್ಗೆ ಅಯ್ಯಣ್ಣ ಹಾರೆ ಗುದ್ದಲಿಯ ನಾಲ್ಕು ಆಳುಗಳೊಂದಿಗೆ ಬಂದಿಳಿದರು. ಅದೇ ಬಸ್ಸಿನಿಂದ ಇನ್ನೊಬ್ಬರು ಇಳಿದರು. ಐವತ್ತು ದಾಟಿದ ವಯಸ್ಸು, ಖಾಕಿ ಅಂಗಿ, ಹೆಗಲ ಮೇಲೆ ಗಂಟು ಹಾಕಿದ ಹಗ್ಗದ ಸಿಂಬಿ. ಅವರು ಖಲಾಸಿಗಳ ಜಮಾದಾರ ಸೈಫುದ್ದೀನ್. ಟ್ರೇಲರಿನ ಮುಂದೆ ನಡೆದು ಅದನ್ನು ಹೀಗೆ ತಿರುಗಿಸು, ಹಾಗೆ ತಿರುಗಿಸು ಎಂದು ಕೈ ಮಾಡುವವರು ಅವರೇ. ದೇವದುರ್ಗದ ಕಡೆ ಕಾಲುವೆ ಕೆಲಸಕ್ಕೆ ಅದೆಷ್ಟೋ ಯಂತ್ರಗಳನ್ನು ಸಾಗಿಸಿದವರು.

ಆಳು ಹಾರೆ ಎತ್ತುವ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಸೈಫುದ್ದೀನರು ಕೈ ಅಡ್ಡ ಮಾಡಿದರು.

"ಒಳಗ ಯಾರದಾರ?"

"ನನ್ನ ಮಗಳ್ರಿ. ಹದಿನೇಳು ದಿನದ ಬಾಣಂತಿ" ಎಂದಳು ಅಮರಮ್ಮ.

ಅವರು ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದರು. ಬಾಗಿಲಿಗೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ಹೋದರು. ದನಿಯನ್ನೂ ಇಳಿಸಿದರು. ಆ ಗೋಡೆಯ ಮೇಲೆ ಬಣ್ಣ ಬಳಿದವರಾಗಲಿ ನಮ್ಮೂರಿನ ದೊಡ್ಡವರಾಗಲಿ ಎಂಟು ದಿನದಲ್ಲಿ ಅಷ್ಟನ್ನು ಮಾಡಿರಲಿಲ್ಲ.

"ಒಂದು ತಾಸು ತಡೀರಿ ಸಾಹೇಬ್ರ. ನಾ ನೋಡದ ಒಡದ್ರ ನನಗ ಸಮಾಧಾನ ಇಲ್ಲ" ಎಂದು ಅವರು ಹಗ್ಗ ಬಿಚ್ಚಿ ತಿರುವನ್ನು ಅಳೆಯತೊಡಗಿದರು. ಸುಣ್ಣದ ಗೆರೆ ಇನ್ನೂ ಅಲ್ಲಲ್ಲಿ ಉಳಿದಿತ್ತು. ಕಟ್ಟೆಯ ಹತ್ತಿರ ಬಂದವರು ನಿಂತರು. ಗೆರೆಗೂ ಕಟ್ಟೆಗೂ ನಡುವೆ ಕಾಲಿನಲ್ಲಿ ಅಳೆದರು. ನಾಲ್ಕು ಅಡಿ.

"ಇದೇನಿದು? ನನ್ನ ಗಾಲಿ ಈ ಕಲ್ಲಿಗೆ ಗೇಣು ಬಿಟ್ಟು ಹೋಗ್ತದ. ಹೇರು ಕಟ್ಟಿ ಮ್ಯಾಲ ಹಾದು ಹೋಗ್ತದ, ಎತ್ತರ ಅದ, ತಾಗಂಗಿಲ್ಲ. ಇಲ್ಲಿ ನಾಕು ಅಡಿ ಬಿಟ್ಟು ಒಳಗ ಎಳದ್ರ ಹಿಂದಿನ ತುದಿ ಮನಿಗೆ ಬಡೀದೇ ಎಲ್ಲಿ ಹೋಗ್ತದ? ಬಿದಿರು ಹೊತ್ತವರು ಯಾರು?"

ಹತ್ತು ಜನರೂ ಅಲ್ಲೇ ಇದ್ದರು, ಮನೆ ಒಡೆಯುವುದನ್ನು ನೋಡಲು ಬಂದು ನಿಂತಿದ್ದರು. ಅಯ್ಯಣ್ಣ ಅವರತ್ತ ಕೈ ತೋರಿಸಿದರು.

"ಕಟ್ಟಿ ಮ್ಯಾಲ ಹತ್ತಿ ಯಾಕ ನಡೀಲಿಲ್ಲ?"

ತಾಯಣ್ಣ ನೆಲ ನೋಡುತ್ತ, "ಅದರ ಮ್ಯಾಲ ನಾವು ಹ್ಯಾಂಗ ನಡೀತೀವ್ರಿ" ಎಂದ.

ಆಗ ನನ್ನ ತಲೆಗೆ ಏರಿತು. ಕೇರಿಯವರು ಕಟ್ಟೆಯ ಮೇಲಿರಲಿ, ಅದರ ಮಗ್ಗುಲಿನಲ್ಲೂ ನಡೆಯುತ್ತಿರಲಿಲ್ಲ. ಅಲ್ಲಿಗೆ ಬಂದಾಗ ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆಯ ಆಚೆ ದಂಡೆಗೆ ಸರಿದು ಹೋಗುತ್ತಿದ್ದರು. ನಾಲ್ಕು ವರ್ಷದಿಂದ ದಿನಾ ನೋಡುತ್ತಿದ್ದೆ. ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತಿತ್ತು. ಹೆಗಲ ಮೇಲೆ ಸರ್ಕಾರದ ಅಳತೆ ಇದ್ದರೂ ಅವರ ಕಾಲು ರೂಢಿಯ ದಾರಿಯನ್ನೇ ಹಿಡಿದಿತ್ತು. ತಾಯಣ್ಣ ಬಿದಿರನ್ನು ಹೊತ್ತು ತನ್ನ ಗೋಡೆಗೆ ತಾನೇ ಬಡಿದಿದ್ದ.

ನಾನು ಅಯ್ಯಣ್ಣನವರಿಗೆ ಇದನ್ನು ಬಿಡಿಸಿ ಹೇಳಿದೆ. ಅವರಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಬಂತು.

"ಅಕ್ಕೋರ, ನೀವು ಸಾಲಿ ನೋಡ್ಕೊರಿ. ಅಳತಿ ಆಗೇದ, ಮೇಲಿನವರು ಸಹಿ ಹಾಕ್ಯಾರ."

"ತಪ್ಪು ಅಳತಿಗೆ ಸಹಿ ಹಾಕಿದ್ರ ಅದು ಸರಿ ಆಗ್ತದೇನ್ರಿ?" ಎಂದೆ.

ಸೈಫುದ್ದೀನರು ನಡುವೆ ಬಂದರು. "ಚೌಕಟ್ಟು ಅಲ್ಲೇ ಬಿದ್ದದ. ಇನ್ನೊಂದು ಸಲ ನಡದ್ರ ಯಾರ ಗಂಟು ಹೋಗ್ತದ? ಬರ್ರಿ, ಹೆಗಲು ಕೊಡ್ರಿ."

ಹತ್ತು ಜನರೂ ಹೆಗಲು ಕೊಟ್ಟರು. ಕಟ್ಟೆಯ ಕಡೆಯ ಮುಂದಿನ ಮೂಲೆ ತಾಯಣ್ಣನದು. ಗೌಡರು ಗೋದಾಮಿನಿಂದ ಹೊರಗೆ ಬಂದು ಕಟ್ಟೆಯ ಆ ತುದಿಯಲ್ಲಿ ಕೂತರು. ಎಂದಿನ ಮೆತ್ತನೆಯ ದನಿಯಲ್ಲಿ, "ಏನಪಾ ತಾಯಣ್ಣ, ಏನು ನಡಸೀರಿ?" ಎಂದರು. ಅಷ್ಟೇ. ತಾಯಣ್ಣ ಬಿದಿರು ಕೆಳಗಿಟ್ಟ.

"ನನ್ನ ಕೈಲೆ ಆಗಂಗಿಲ್ರಿ ಜಮಾದಾರ್ರ. ಬೇಕಂದ್ರ ಮನಿ ಒಡೀರಿ."

ಅಮರಮ್ಮ ಬಾಗಿಲಲ್ಲಿ ನಿಂತಿದ್ದಳು. ಕೆಳಗಿಳಿದು ಬಂದಳು.

"ಮನಿ ಒಡೀರಿ ಅನ್ನಾಕ ಅದು ನಿನ್ನೊಬ್ಬಂದೇನು? ಆ ಗ್ವಾಡಿಗೆ ಮಣ್ಣು ತುಳದಾಕಿ ನಾನು. ನೀ ಆವಾಗ ದುಡಿಯಾಕಂತ ಸಿಂಧನೂರಾಗಿದ್ದಿ."

"ಲೇ, ಸುಮ್ನಿರು. ನಾಳೆ ಇವರ ಹೊಲಕ್ಕೇ ಹೋಗಬೇಕು ನಾವು."

"ನಾಳೆ ಹೊಲಕ್ಕ ಹೋಗಾಕ ಮೊದಲು ಇವತ್ತು ರಾತ್ರಿ ಮಲಗಾಕ ಜಾಗ ಬೇಕಲ್ಲ. ಸರಿ ಅತ್ತಾಗ."

ಸೆರಗನ್ನು ಸಿಂಬಿ ಸುತ್ತಿ ಹೆಗಲಿಗಿಟ್ಟು ಅವಳು ಬಿದಿರೆತ್ತಿದಳು. ಚೌಕಟ್ಟು ಒಮ್ಮೆ ಓಲಾಡಿತು. ಸೈಫುದ್ದೀನರು ಓಡಿಹೋಗಿ ಅವಳ ಹಿಂದೆ ತಾವೂ ಹೆಗಲು ಕೊಟ್ಟರು. ಆದರೆ ಅವಳಿಗಿಂತ ಮುಂದೆ ಹೋಗಲಿಲ್ಲ. "ನಡಿ ತಂಗಿ, ಸಾವಕಾಶ ನಡಿ. ಎಡಕ್ಕ ನೋಡಬ್ಯಾಡ, ಬಲಕ್ಕ ನೋಡಬ್ಯಾಡ" ಎಂದರು.

ಅಮರಮ್ಮ ಕಟ್ಟೆ ಹತ್ತಿದಳು. ಗೌಡರು ಕೂತ ಕಡೆಗೇ ಬಂದಳು. ಇನ್ನು ಎರಡು ಹೆಜ್ಜೆ ಇರುವಾಗ ಗೌಡರು ಎದ್ದು ಒಳಗೆ ಹೋದರು. ಅವಳು ಏಳು ಹೆಜ್ಜೆ ನಡೆದು ಆಚೆ ಇಳಿದಳು. ಚೌಕಟ್ಟು ತಿರುಗಿತು. ಹಿಂದಿನ ತುದಿ ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಹಾದುಹೋಯಿತು.

ಅಯ್ಯಣ್ಣ ಆಗಲೂ ಒಪ್ಪಲಿಲ್ಲ. ಗಾಡಿ ಸಿಕ್ಕಿಬಿದ್ದರೆ ಯಾರು ಜವಾಬ್ದಾರಿ ಎಂದರು. ಸೈಫುದ್ದೀನರು ನನ್ನಿಂದ ಒಂದು ಹಾಳೆ ಕೇಳಿ ಪಡೆದು, ಗೋಡೆ ಒಡೆಯುವ ಅಗತ್ಯವಿಲ್ಲ, ಗಾಡಿ ನಿಂತರೆ ತಾನೇ ಹೊಣೆ ಎಂದು ಬರೆಸಿ ಉರ್ದುವಿನಲ್ಲಿ ಸಹಿ ಮಾಡಿದರು. ಮೂವತ್ತು ವರ್ಷದ ಕೆಲಸವನ್ನು ಅವರು ಆ ಹಾಳೆಯ ಮೇಲಿಟ್ಟರು. ಯಾರ ಮನೆಗಾಗಿಯೋ ಆ ಹೆಂಗಸಿನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಹಾರೆಯ ಆಳುಗಳು ಸಂಜೆಯ ಬಸ್ಸಿಗೆ ಹೋದರು. ಅವರಲ್ಲೊಬ್ಬ ಹೋಗುವಾಗ ಅಮರಮ್ಮನಿಗೆ, "ಚಲೋ ಆತು ಬಿಡ್ರಿ" ಎಂದು ಹೇಳಿ ಹೋದ.

ಮರುದಿನ ಹತ್ತು ಗಂಟೆಗೆ ಗಾಡಿ ಬಂತು. ಮನುಷ್ಯ ನಡೆಯುವುದಕ್ಕಿಂತ ನಿಧಾನ. ಮುಂದೊಂದು ಎಳೆಯುವ ಲಾರಿ, ಹಿಂದೊಂದು ತಳ್ಳುವ ಲಾರಿ, ಎರಡೂ ಬದಿಗೆ ಗಾಲಿಗೆ ಅಡ್ಡ ಕೊಡಲು ಮರದ ತುಂಡು ಹಿಡಿದ ಖಲಾಸಿಗಳು. ನೆಲ ನಡುಗುತ್ತಿತ್ತು. ಅಮರಮ್ಮ ಒಳಗೆ ಕೂಸಿನ ಕಿವಿಗೆ ಅರಳೆ ಇಟ್ಟು, ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು, ತಾನೇ ಅದನ್ನು ಹಿಡಿದಿದ್ದೇನೆ ಎನ್ನುವ ಹಾಗೆ. ತಾಯಣ್ಣ ಅವಳ ಮಗ್ಗುಲಿಗೆ ಬಂದು ತಾನೂ ಅಂಗೈ ಇಟ್ಟ. ಸೈಫುದ್ದೀನರು ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ ಬೆರಳಿನಲ್ಲೇ ಅದನ್ನು ಕರೆಯುತ್ತಿದ್ದರು. ಗಾಲಿಗಳು ಕಟ್ಟೆಯ ಕಲ್ಲಿಗೆ ಗೇಣು ಬಿಟ್ಟು ಸಾಗಿದವು. ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲೆ ನೆರಳು ಚೆಲ್ಲಿ, ದಾರಿಯುದ್ದಕ್ಕೂ ಒಂದಿಷ್ಟು ಕರಿ ಎಣ್ಣೆ ತೊಟ್ಟಿಕ್ಕಿಸಿ ಹೋಯಿತು. ಮನೆಯ ಗೋಡೆಯಿಂದ ಒಂದು ಹಿಡಿ ಮಣ್ಣೂ ಉದುರಲಿಲ್ಲ.

ಗಾಡಿ ಕಣ್ಮರೆಯಾದ ಮೇಲೆ ಗೌಡರ ಮನೆಯ ಆಳು ಯಂಕಮ್ಮ ನೀರಿನ ಕೊಡ, ಸಗಣಿ, ಪೊರಕೆ ತಂದಳು. ಹಿಂದಿನ ದಿನ ಅಮರಮ್ಮ ನಡೆದ ಏಳು ಹೆಜ್ಜೆಯ ಜಾಗವನ್ನಷ್ಟೇ ತೊಳೆದಳು. ಹಾಗೆ ಹೇಳಿ ಕಳಿಸಿದ್ದರು. ಪಕ್ಕದಲ್ಲೇ ಕಲ್ಲಿನ ಮೇಲೆ ಅಂಗೈಯಗಲದ ಎಣ್ಣೆಯ ಕಲೆಗಳಿದ್ದವು. ಅವನ್ನು ಮುಟ್ಟಲಿಲ್ಲ. ಎಲ್ಲಿಂದಲೋ ಬಂದ ಯಂತ್ರದ ಹೊಲಸು ಹೊಲಸಲ್ಲ. ಕೂಸು ಮಲಗಲೊಂದು ಕೋಣೆ ಉಳಿಸಿಕೊಂಡ ಹೆಂಗಸಿನ ಹೆಜ್ಜೆ ಹೊಲಸು. ನಾನು ಗೋದಾಮಿನ ಬಾಗಿಲಿಗೆ ಹೋಗಿ ಗೌಡರಿಗೆ ಇದನ್ನೇ ಹೇಳಿದೆ. ಅವರು ನಗುನಗುತ್ತಲೇ, "ಹಿರೇರು ಮಾಡಿಟ್ಟದ್ದು ಅಕ್ಕೋರ, ನಂದೇನದ" ಎಂದರು. ಆ ಕಟ್ಟೆ ಕಟ್ಟಿ ಆರು ವರ್ಷವೂ ಆಗಿರಲಿಲ್ಲ.

ನಾನು ಸಿಟ್ಟಿನಿಂದ ತಿರುಗಿ ಬರುವಾಗ ಅಮರಮ್ಮ ಕೂಸನ್ನು ಎತ್ತಿಕೊಂಡು ಹೊರಗೆ ಬಂದಿದ್ದಳು. ತೊಳೆಯುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ರಸ್ತೆಯ ಈಚೆಯಿಂದ ಕೇಳಿದಳು.

"ಯಂಕಮ್ಮಾ, ಮುಗೀತೇನು?"

"ಮುಗೀತವ್ವ."

"ಕೊಡ ಒಳಗಿಡಬ್ಯಾಡ. ಸಂಜಿಮುಂದ ನಾ ನೀರಿಗೆ ಆ ಕಟ್ಟಿ ಮ್ಯಾಲಿಂದನೇ ಬರಾಕಿ."

ಯಂಕಮ್ಮ ಗೋದಾಮಿನ ಕಡೆ ಒಮ್ಮೆ ನೋಡಿ, ಕೊಡವನ್ನು ಕಟ್ಟೆಯ ಮಗ್ಗುಲಲ್ಲೇ ಬೋರಲು ಹಾಕಿಟ್ಟು ಒಳಗೆ ಹೋದಳು.