ಅತ್ತೆ ತೋರಿಸಿದ ಜಾಗ

"ಸುರಿಯೇ ಬುಟ್ಟಿ, ಕಳ್ಳಮುಂಡೆ!"

ಸುರಿದೆ. ಬೆಳಗಿನಿಂದ ಬಗ್ಗಿ ಕೊಯ್ದಿದ್ದ ಅಣಬೆಗಳನ್ನು ಸಾಹುಕಾರನ ಕಾವಲುಗಾರ ಬೂಟುಗಾಲಲ್ಲಿ ಹೊಸಕಿದ. ಹೊತ್ತುಕೊಂಡು ಹೋಗಿ ತಿಂದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ.

"ಎಲ್ಲಿ ಕಿತ್ತೆ?"

"ಅಲ್ಲೇ ಎಲ್ಲೋ."

"ಸಾವ್ಕಾರ್ರಿಗೆ ಒಂದೂ ಸಿಗ್ತಿಲ್ಲ, ನಿಂಗೆ ಬುಟ್ಟಿ ತುಂಬ ಸಿಗುತ್ತಾ? ಮಾಟ ಗೀಟ ಮಾಡ್ತೀಯೇನೇ?"

ಸಾಹುಕಾರನಿಗೆ ಹೇಗೆ ಸಿಕ್ಕೀತು? ಕಾಡಿಗೆ ಬೇಲಿ ಬಿಗಿದು, ಆಳುಗಳ ಕೈಗೆ ಹಲ್ಲುಕುಂಟೆ ಕೊಟ್ಟು ನೆಲವನ್ನೇ ಕೆದರಿಸಿದ. ಹಾಗೆ ಕೆದರಿದ ನೆಲದಲ್ಲಿ ಅಣಬೆ ಮತ್ತೆ ಏಳುವುದಿಲ್ಲ. ಪೇಟೆಯ ಹೋಟೆಲುಗಳಿಗೆ ಲಾರಿ ತುಂಬಿಸಬೇಕಿತ್ತಲ್ಲ! ನಾವು ಚಾಕುವಿನಲ್ಲಿ ಕೊಯ್ದು, ಬುಡಕ್ಕೆ ಎಲೆ ಮುಚ್ಚಿ ಬರುವವರು. ಕೊನೆಗೆ ಉಳಿದದ್ದು ಅತ್ತೆಯ ಜಾಗ ಒಂದೇ. ನಮ್ಮಲ್ಲಿ ಅಣಬೆ ಏಳುವ ಜಾಗವನ್ನು ಮಗಳಿಗೆ ತೋರಿಸುವುದಿಲ್ಲ, ಅವಳು ಇನ್ನೊಂದು ಮನೆಗೆ ಹೋಗುವವಳು. ಸೊಸೆಗೆ ತೋರಿಸುತ್ತಾರೆ. ಅದೂ ಬಾಯಲ್ಲಿ ಹೇಳುವಂತಿಲ್ಲ, ಕರೆದುಕೊಂಡೇ ಹೋಗಬೇಕು. ಎರಡು ಮಕ್ಕಳಾಗುವವರೆಗೆ ನನ್ನನ್ನು ಅಳೆದು ನೋಡಿ ಆಮೇಲೆ ಅತ್ತೆ ಕರೆದೊಯ್ದಿದ್ದಳು. "ಮಗನ್ನ ಕೊಡುವಾಗ್ಲೂ ಇಷ್ಟು ಯೋಚ್ನೆ ಮಾಡಿರ್ಲಿಲ್ಲ ಕಣೇ" ಎಂದಿದ್ದಳು.

ಆ ಅತ್ತೆ ಈಗ ಹಾಸಿಗೆ ಹಿಡಿದಿದ್ದಳು. ಗಂಜಿ ಬೇಡ, ಔಷಧ ಬೇಡ. ಕಣ್ಣು ಮುಚ್ಚುವ ಮೊದಲು ನಾಲಿಗೆಯ ಮೇಲೆ ಪರಮಪ್ರಸಾದದ ರೊಟ್ಟಿಚೂರು ಬೀಳಬೇಕು, ಅದೊಂದೇ ಆಸೆ. ಚರ್ಚಿಗೆ ಓಡಿದೆ.

ಬುಟ್ಟಿಯ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಫಾದರ್ ಮೆಟ್ಟಿಲ ಮೇಲೆಯೇ ತಡೆದರು. "ಕದ್ದು ತಿನ್ನೋ ಮನೆಗೆ ಪ್ರಭುವನ್ನ ಹೇಗಮ್ಮ ತರ್ಲಿ? ಮೊದ್ಲು ಪಾಪನಿವೇದನೆ ಮಾಡು. ಎಲ್ಲಿ ಕದ್ದೆ ಅಂತಾನೂ ಹೇಳ್ಬೇಕು."

"ಜಾಗ ಯಾಕೆ ಫಾದರ್? ದೇವರಿಗೆ ಗೊತ್ತಿರುತ್ತಲ್ಲ."

"ಅರ್ಧ ಪಾಪ ಹೇಳಿದ್ರೆ ಕ್ಷಮೆ ಇಲ್ಲ. ನಿಮ್ಮತ್ತೆ ಹಾಗೇ ಹೋಗ್ಲಾ?"

ಚರ್ಚಿಗೆ ಹೊಸ ಹೆಂಚು ಹೊದಿಸಿದವನು ಸಾಹುಕಾರ. ಅದು ಕಣ್ಣೆದುರೇ ಇದ್ದರೂ ನನಗೆ ಹೊಳೆಯಲಿಲ್ಲ. ಪಾಪನಿವೇದನೆಯಲ್ಲಿ ಜಾಲರಿಯ ಆಚೆ ಕೇಳಿದ್ದನ್ನು ಕತ್ತು ಕೊಯ್ದರೂ ಪಾದ್ರಿ ಹೊರಗೆ ಹೇಳುವಂತಿಲ್ಲ ಎಂದು ಚಿಕ್ಕಂದಿನಲ್ಲಿ ಕಲಿಸಿದ್ದರು, ಚರ್ಚಿನವರೇ ಕಲಿಸಿದ್ದು. ಮಂಡಿಯೂರಿದೆ. ಹಳ್ಳ ದಾಟಿ, ಬಿದ್ದ ಮರದ ಎಡಕ್ಕೆ, ಬಂಡೆಯ ಹಿಂದೆ ಎಂದೆ. "ಯಾವ ಹಳ್ಳ?" ಎಂದು ಕೇಳಿದರು. ಅದನ್ನೂ ಹೇಳಿದೆ.

ಮಾರನೆಯ ಬೆಳಿಗ್ಗೆ ಬಂಡೆಯ ಹಿಂದಿನ ನೆಲ ಕೋಳಿ ಕೆದಕಿದ ತಿಪ್ಪೆಯಾಗಿತ್ತು. ಕಾವಲುಗಾರ ಬಂಡೆಯ ಮೇಲೆ ಕೂತು ಸಿಗರೇಟು ಸೇದುತ್ತಿದ್ದ. "ಬಾರಮ್ಮ, ಪಾಪ ತೊಳ್ಕೊಂಡೋಳೇ!" ಎಂದು ಹಲ್ಲು ಕಿರಿದ. ಥೂ, ಅವನ ಜನ್ಮಕ್ಕಿಷ್ಟು!

ಮನೆಗೆ ಬಂದು ಅತ್ತೆಯ ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳಿದೆ. ಬೈಯಲಿ, ಉಗಿಯಲಿ ಎಂದು ಕಾದೆ. ಅವಳು ಸೂರು ನೋಡುತ್ತ ಮಲಗಿದ್ದಳು.

"ಮುಂದಿನ ಮಳೆಗೆ ಮಕ್ಳಿಗೆ ಏನ್ ಹಾಕ್ತೀಯೇ?"

ಅಷ್ಟೇ ಕೇಳಿದಳು.

ಸಂಜೆ ಫಾದರ್ ಬಂದರು. ಕೊಟ್ಟ ಮಾತಿಗೆ ತಪ್ಪಲಿಲ್ಲ, ಮಹಾನುಭಾವ! ಮುಖಕ್ಕೆ ಉಗಿಯುವಷ್ಟು ಕೋಪವಿತ್ತು. ಮುದುಕಿಗೆ ಇದೊಂದಾದರೂ ಸಿಗಲಿ ಎಂದು ಹಲ್ಲು ಕಚ್ಚಿ ಮೇಣದಬತ್ತಿ ಹಚ್ಚಿದೆ. ಕೇರಿಯ ಹೆಂಗಸರು ಬಂದು ಬಾಗಿಲಲ್ಲಿ ಮಂಡಿಯೂರಿದರು. ಫಾದರ್ ಪರಮಪ್ರಸಾದವನ್ನು ಎತ್ತಿ ಹಿಡಿದು, "ಕ್ರಿಸ್ತರ ಶರೀರ" ಎಂದರು.

ಅತ್ತೆ ತುಟಿ ಬಿಗಿದಳು.

"ಬಾಯಿ ತೆಗಿಯಮ್ಮ."

ತೆಗೆಯಲಿಲ್ಲ. ಕಣ್ಣು ಮಾತ್ರ ಅದರ ಮೇಲೆಯೇ ನೆಟ್ಟಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಅತ್ತೇ, ತಗೊಳ್ಳಿ. ನನ್ನಾಣೆ" ಎಂದು ಗೋಗರೆದೆ.

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಉಸಿರು ಸಾಲದೆ ತಡೆತಡೆದು ಮಾತಾಡಿದಳು.

"ನನ್ ಸೊಸೆ ದೇವ್ರಿಗೆ ಹೇಳಿದ್ದು ಸಾವ್ಕಾರ್ನ ಕಿವಿಗೆ ಹೆಂಗ್ ಬಿತ್ತು? ಇವ್ರೆಲ್ಲರ ಎದುರಿಗೆ ಹೇಳಿ ಸ್ವಾಮಿ. ಆಮೇಲೆ ಬಾಯಿ ತೆಗೀತೀನಿ."

ಫಾದರ್ ಮುಖ ಕೆಂಪಗಾಯಿತು. "ಜ್ವರದ ತಲೆ, ಏನೇನೋ ಬಡಬಡಿಸ್ತಿದ್ದಾಳೆ" ಎಂದು ಪರಮಪ್ರಸಾದವನ್ನು ಡಬ್ಬಿಗೆ ಹಾಕಿ ಎದ್ದರು. ಅತ್ತೆ ತಡೆಯಲಿಲ್ಲ. ಡಬ್ಬಿಯನ್ನೇ ನೋಡುತ್ತಿದ್ದಳು.

"ಜರುಗ್ರಮ್ಮ, ದಾರಿ ಬಿಡಿ."

ಬಾಗಿಲಲ್ಲಿ ಮಂಡಿಯೂರಿದ್ದವರು ಯಾರೂ ಅಲ್ಲಾಡಲಿಲ್ಲ. ನಾನೂ ಹೋಗಿ ಅವರ ನಡುವೆ ಮಂಡಿಯೂರಿದೆ.