ತಾಯಿಯ ಸಾಲಿನಲ್ಲಿ ಸಹಿ

ಗಿಣಿಯ ಅಂಕಪಟ್ಟಿಯಲ್ಲಿ ಸಹಿಗೆ ಮೂರು ಸಾಲುಗಳಿದ್ದವು: ತಂದೆ, ತಾಯಿ, ಪಾಲಕರು. ಹತ್ತು ವರ್ಷದಿಂದ ದರ್ಜಿಯಮ್ಮ ಸಹಿ ಹಾಕುತ್ತಿದ್ದದ್ದು ಮೂರನೆಯದರಲ್ಲಿ. ಯಾರೋ ಆಸ್ಪತ್ರೆಯಲ್ಲಿ ಬಿಟ್ಟುಹೋಗಿದ್ದ ಕೂಸನ್ನು ಕೋರ್ಟಿನ ಒಪ್ಪಿಗೆ ಪಡೆದು ಮನೆಗೆ ತಂದವಳು ಆಕೆ. ಬಾಯಿ ತೆರೆದರೆ ಮುಚ್ಚದ ಆ ಹುಡುಗಿಗೆ ಗಿಣಿ ಎಂಬ ಹೆಸರೇ ಉಳಿದುಹೋಗಿತ್ತು. ಈಗವಳಿಗೆ ಹದಿನೈದು. ವರ್ಷದ ಕೊನೆಗೆ ಬರುವ ಪ್ರಮಾಣಪತ್ರದಲ್ಲಿ ತಾಯಿಯ ಜಾಗ ಖಾಲಿ ಬಿಡುತ್ತಾರೆ ಎಂದು ಶಾಲೆಯವರು ಹೇಳಿದ ದಿನ, ಗಿಣಿ ಊಟ ಮುಗಿಯುವವರೆಗೂ ಒಂದು ಮಾತೂ ಆಡಲಿಲ್ಲ. ಮರುದಿನವೇ ದರ್ಜಿಯಮ್ಮ ಮತ್ತೆ ಕೋರ್ಟಿನ ಕಚೇರಿಗೆ ಹೋದಳು.

ಕಚೇರಿಯ ಗುಮಾಸ್ತರದು ಹೋದಾಗಲೆಲ್ಲ ಒಂದೇ ರಾಗ. ಮದುವೆ, ಆಸ್ತಿ, ಮಕ್ಕಳು ಎಂದರೆ ಅವರವರ ಧರ್ಮದ ಕಾನೂನು. ಆಕೆಯ ಧರ್ಮದ ಕಾನೂನಿನಲ್ಲಿ ಮಗುವನ್ನು ಸಾಕಬಹುದು, ದತ್ತು ಪಡೆಯುವಂತಿಲ್ಲ. ಪಕ್ಕದ ಮನೆಯವರದು ಬೇರೆ ಧರ್ಮ. ಅವರು ಆರಾಮಾಗಿ ದತ್ತು ಪಡೆದಿದ್ದರು. ನಡುವೆ ಇದ್ದದ್ದು ಒಂದೇ ಗೋಡೆ, ಆಚೆಗೊಂದು ಕಾನೂನು, ಈಚೆಗೊಂದು.

ಕಂಕುಳಲ್ಲಿ ಹೊಲಿಗೆ ಬಿಟ್ಟ ಕರಿ ಕೋಟು ಹಿಡಿದು ವಕೀಲಮ್ಮ ಅಂಗಡಿಗೆ ಬಂದದ್ದು ಅದೇ ವಾರ. ಸೂಜಿಗೆ ದಾರ ಪೋಣಿಸುತ್ತಾ ದರ್ಜಿಯಮ್ಮ ಎಲ್ಲವನ್ನೂ ಹೇಳಿಕೊಂಡಳು.

"ಗುಮಾಸ್ತರು ಹೇಳಿದ್ದು ಅರ್ಧ ನಿಜ ಕಣಮ್ಮ," ಎಂದರು ವಕೀಲಮ್ಮ. "ಎಲ್ಲಾ ಧರ್ಮದವರಿಗೂ ಸೇರಿ ಮಕ್ಕಳ ಕಾನೂನು ಅಂತ ಇನ್ನೊಂದಿದೆ. ಬೇಕು ಅನ್ನೋರು ಅದರಡಿ ಅರ್ಜಿ ಹಾಕಬಹುದು. ಆ ಅರ್ಜಿಯಲ್ಲಿ ಧರ್ಮ ಕೇಳೋ ಕಾಲಂ ಕೂಡ ಇಲ್ಲ."

ಸುದ್ದಿ ತಿಳಿದು ದರ್ಜಿಯಮ್ಮನ ಅಣ್ಣ ಮುಖ ಊದಿಸಿಕೊಂಡು ಬಂದ. ಸಾಕಿದ್ದು ಸಾಲದೇ, ನಮ್ಮ ಕಾನೂನು ಬಿಟ್ಟು ಹೋದರೆ ಜನ ಏನಂದಾರು ಎಂದು ಒಂದು ಗಂಟೆ ಕೊರೆದ. ಆಕೆ ಹೊಲಿಗೆ ಯಂತ್ರ ನಿಲ್ಲಿಸಿದಳು.

"ನಾನು ಪ್ರಾರ್ಥನೆ ಬಿಡಲ್ಲ ಅಣ್ಣಾ. ಮಗಳನ್ನೂ ಬಿಡಲ್ಲ."

ಅಣ್ಣ ಚಹಾ ಕುಡಿಯದೆ ಹೋದ. ಆದರೆ ವಿಚಾರಣೆಯ ದಿನ ಕೋರ್ಟಿನ ಕೊನೇ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದವನೂ ಅವನೇ.

ನ್ಯಾಯಾಧೀಶೆ ಕಾಗದಗಳನ್ನೆಲ್ಲ ಓದಿ, ಕನ್ನಡಕ ತೆಗೆದು ಗಿಣಿಯನ್ನು ಕೇಳಿದರು: "ಇವರು ನಿನಗೆ ಏನಾಗಬೇಕು?"

"ಅಮ್ಮ," ಎಂದಳು ಗಿಣಿ. "ಹೋಂವರ್ಕ್ ಮಾಡದಿದ್ರೆ ಮಾತ್ರ ಪೊಲೀಸ್."

ನ್ಯಾಯಾಧೀಶೆ ನಗು ತಡೆದುಕೊಂಡು ಆದೇಶಕ್ಕೆ ಸಹಿ ಹಾಕಿದರು. ಧರ್ಮದ ಕಾನೂನು ಅದರ ಪಾಡಿಗೆ ಇರಲಿ, ಎಲ್ಲರ ಕಾನೂನಿನಡಿ ಈ ಹುಡುಗಿ ಇವರ ಮಗಳು ಎಂದರು. ಅದೇ ಗುಮಾಸ್ತರೇ ಆದೇಶದ ಪ್ರತಿಗೆ ಮುದ್ರೆ ಒತ್ತಿ, ತಲೆ ಕೆರೆದುಕೊಳ್ಳುತ್ತಾ, "ಇದು ನನಗೆ ಗೊತ್ತೇ ಇರಲಿಲ್ಲ, ತಾಯಿ," ಎಂದರು.

ಮರುದಿನ ಗಿಣಿ ಅಂಕಪಟ್ಟಿ ತಂದಳು. ಗಣಿತದಲ್ಲಿ ಮೂವತ್ತೆಂಟು. ಬೈಯುವುದನ್ನು ಆಮೇಲಿಗಿಟ್ಟು ದರ್ಜಿಯಮ್ಮ ಪೆನ್ನು ಎತ್ತಿಕೊಂಡಳು. ಹತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಮೂರನೇ ಸಾಲಿಗೆ ಇಳಿಯಿತು. ಗಿಣಿ ಆ ಕೈ ಹಿಡಿದು ಒಂದು ಸಾಲು ಮೇಲಕ್ಕೆ ತಂದಳು.

ಸಹಿ ಸಾಲನ್ನು ದಾಟಿ ಅಂಚಿನವರೆಗೂ ಹೋಯಿತು.